ಬಾಗಲರಿಯದ ದಳಪತಿ

ಆಯುಧ ಹಿಡಿಯುವುದು ಕಷ್ಟವೋ, ಹಿಡಿದ ಆಯುಧವನ್ನು ಕೆಳಗಿಡುವುದು ಕಷ್ಟವೋ? ಐರ್ಲೆಂಡಿನ ಲಿಯಮ್ ಲಿಂಚನ ಚರಿತ್ರೆಯನ್ನು ಓದಿದವರಿಗೆ ಈ ಪ್ರಶ್ನೆ ಏಳದೆ ಇರದು.

ಲಿಂಚ್ ಲಿಮರಿಕ್ ಸೀಮೆಯ ಒಕ್ಕಲು ಮನೆತನದವನು. ಎಳೆವಯಸ್ಸಿನಲ್ಲೇ ಮಿಚೆಲ್ಸ್‌ಟೌನ್ ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಗೆ ಕೆಲಸ ಕಲಿಯಲು ಸೇರಿದ. 1916ರ ಈಸ್ಟರ್ ದಂಗೆಯ ಬೆನ್ನಿಗೇ, ಗಾಯಗೊಂಡ ಕೆಂಟ್ ಸಹೋದರರನ್ನು ಬ್ರಿಟಿಷ್ ಸೈನಿಕರು ಫರ್ಮಾಯ್ ಊರಿನಲ್ಲಿ ನಡೆಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡ. ಅವರಲ್ಲಿ ಥಾಮಸ್ ಕೆಂಟ್ ಕೆಲದಿನಗಳಲ್ಲೇ ಗುಂಡಿಗೆ ಬಲಿಯಾದ. ಅಂಗಡಿಯ ಹುಡುಗ ದಂಡಾಳಾಗಲು ಅಷ್ಟು ಸಾಕಾಯಿತು.

1919ರಿಂದ ಕಾರ್ಕ್ ಸೀಮೆಯ ಎರಡನೆಯ ಬ್ರಿಗೇಡಿಗೆ ಅವನೇ ನಾಯಕ. 1920ರ ಜೂನ್‌ನಲ್ಲಿ, ಮೀನು ಹಿಡಿಯಲು ಬಂದಿದ್ದ ಬ್ರಿಟಿಷ್ ಸೇನಾಧಿಪತಿ ಲ್ಯೂಕಸನನ್ನೇ ಸೆರೆಹಿಡಿದ. ಸೆಪ್ಟೆಂಬರಿನಲ್ಲಿ ಮ್ಯಾಲೋ ಊರಿನ ಸೈನಿಕ ಠಾಣ್ಯವನ್ನು ವಶಪಡಿಸಿಕೊಂಡ. ಇವೆರಡರ ನಡುವೆ, ಆಗಸ್ಟಿನಲ್ಲಿ, ಕಾರ್ಕ್ ನಗರಸಭಾ ಭವನದಲ್ಲಿ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿಯೊಡನೆ ತಾನೂ ಸಿಕ್ಕಿಬಿದ್ದ. ಹಿಡಿದವರಿಗೆ ಇವನಾರೆಂದು ತಿಳಿಯದೆ ಬಿಟ್ಟುಬಿಟ್ಟರು. ಮ್ಯಾಕ್‌ಸ್ವೀನಿಯಾದರೋ 74 ದಿನ ಉಪವಾಸವಿದ್ದು ಲಂಡನ್ನಿನ ಸೆರೆಮನೆಯಲ್ಲಿ ಪ್ರಾಣಬಿಟ್ಟ. 1929ರಲ್ಲಿ ಲಾಹೋರಿನಲ್ಲಿ ಜತೀಂದ್ರನಾಥ ದಾಸರು ಅದೇ ಬಗೆಯಲ್ಲಿ ತೀರಿಕೊಂಡಾಗ ನಮ್ಮ ದೇಶದವರು ನೆನೆದುಕೊಂಡದ್ದು ಆ ಮ್ಯಾಕ್‌ಸ್ವೀನಿಯನ್ನೇ.

1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಡನೆ ಒಪ್ಪಂದವಾಯಿತು. ದೊರೆತದ್ದು ಗಣರಾಜ್ಯವಲ್ಲ, ಬ್ರಿಟಿಷ್ ದೊರೆಗೆ ನಿಷ್ಠೆಯ ಮಾತು ಕೊಡಬೇಕಾದ ಸ್ವತಂತ್ರ ರಾಜ್ಯ. ಐರಿಷ್ ಸಂಸತ್ತು 64ಕ್ಕೆ 57 ಮತಗಳಿಂದ ಅದನ್ನು ಒಪ್ಪಿತು. ಲಿಂಚ್ ಒಪ್ಪಲಿಲ್ಲ. ಗಣರಾಜ್ಯಕ್ಕೆ ಒಮ್ಮೆ ಮಾಡಿದ ಪ್ರತಿಜ್ಞೆ ಮತಗಳ ಎಣಿಕೆಯಿಂದ ಅಳಿಯತಕ್ಕದ್ದಲ್ಲವೆಂದು ಅವನ ನಿಲುವು. ಆದರೂ ಅಣ್ಣತಮ್ಮಂದಿರ ಕಾಳಗವನ್ನು ತಪ್ಪಿಸಲು ಅವನು ತಿಂಗಳುಗಟ್ಟಲೆ ಹೆಣಗಿದ್ದುಂಟು. 1922ರ ಜೂನ್ 28ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಮೇಲೆ ಸರ್ಕಾರದ ಫಿರಂಗಿಗಳು ಗುಂಡುಗರೆದಾಗ ಆ ಆಸೆ ಮುಗಿಯಿತು. ಒಪ್ಪಂದ ವಿರೋಧಿಗಳ ಸೇನೆಗೆ ಲಿಂಚನೇ ಮುಖ್ಯಸ್ಥ.

ಆಮೇಲಿನದು ಕಹಿಯಾದ ಕಥೆ. ಸರ್ಕಾರ ಸೆರೆಯಾಳುಗಳನ್ನು ಗುಂಡಿಟ್ಟು ಕೊಲ್ಲತೊಡಗಿತು. ಕೊಲ್ಲುವ ಕಾನೂನಿಗೆ ಮತವಿತ್ತ ಸದಸ್ಯರನ್ನು ಕೊಲ್ಲಿರೆಂದು ಲಿಂಚ್ ಆಜ್ಞೆ ಹೊರಡಿಸಿದ. ಡಿಸೆಂಬರ್ 7ರಂದು ಸದಸ್ಯ ಷಾನ್ ಹೇಲ್ಸ್ ಕೊಲೆಯಾದ. ಮರುದಿನ ಬೆಳಗ್ಗೆ, ಆ ಕೊಲೆಗೆ ಸಂಬಂಧವೇ ಇಲ್ಲದ ನಾಲ್ವರು ಸೆರೆಯಾಳುಗಳಿಗೆ ಗುಂಡಿಕ್ಕಲಾಯಿತು. ನಿನ್ನೆ ಒಂದೇ ಸಾಲಿನಲ್ಲಿ ನಿಂತವರು ಇಂದು ಸೇಡಿಗೆ ಸೇಡು ಎಣಿಸುತ್ತಿದ್ದರು.

1923ರ ಮಾರ್ಚ್‌ನಲ್ಲಿ ಸೋಲು ಎದುರಿಗೇ ಕಾಣುತ್ತಿತ್ತು. ನಾಯಕರ ಸಭೆಯಲ್ಲಿ ಯುದ್ಧ ನಿಲ್ಲಿಸಬೇಕೆಂಬ ಸಲಹೆ 6ಕ್ಕೆ 5 ಮತಗಳಿಂದ ಬಿದ್ದುಹೋಯಿತು. ಹಟ ಹಿಡಿದವರಲ್ಲಿ ಲಿಂಚನೇ ಮೊದಲಿಗ. ಮುಂದಿನ ಸಭೆಗೆಂದು ಹೊರಟವನನ್ನು ಏಪ್ರಿಲ್ 10ರ ಬೆಳಗ್ಗೆ ನಾಕ್‌ಮೀಲ್‌ಡೌನ್ ಬೆಟ್ಟದಲ್ಲಿ ಸರ್ಕಾರದ ಸೈನಿಕರು ಸುತ್ತುಗಟ್ಟಿದರು. ಗುಂಡು ತಗುಲಿ ಬಿದ್ದವನು ಡಿ ವೆಲೇರಾ ಇರಬೇಕೆಂದು ಅವರ ಎಣಿಕೆ. ತಾನು ಲಿಂಚ್ ಎಂದು ಅವನೇ ತಿಳಿಸಿದ. 1920ರಲ್ಲಿ ಅವನನ್ನು ಉಳಿಸಿದ್ದು ಗುರುತಿಲ್ಲದಿರುವಿಕೆ. ಈಗ ಬಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಅಂದು ಸಂಜೆಯೇ ಕ್ಲಾನ್‌ಮೆಲ್ ಊರಿನಲ್ಲಿ ಪ್ರಾಣ ಹೋಯಿತು. ವಯಸ್ಸು ಮೂವತ್ತರ ಆಸುಪಾಸು.

ಅವನ ಸ್ಥಾನಕ್ಕೆ ಬಂದ ಫ್ರ್ಯಾಂಕ್ ಏಕನ್ ಅದೇ ತಿಂಗಳ ಕೊನೆಗೆ ಕದನ ನಿಲ್ಲಿಸಿದ. ಮೇ 24ರಂದು ಶಸ್ತ್ರಗಳನ್ನು ಅಡಗಿಸಿಡಲು ಆಜ್ಞೆಯಾಯಿತು. ಒಬ್ಬನ ಛಲ ಒಂದು ಸೇನೆಯನ್ನು ಎಷ್ಟು ದಿನ ಹಿಡಿದು ನಿಲ್ಲಿಸಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪರರೊಡನೆ ಹೋರಾಡುವಾಗ ಲಿಂಚನನ್ನು ವೀರನನ್ನಾಗಿ ಮಾಡಿದ ಗುಣವೇ ತನ್ನವರೊಡನೆ ಹೋರಾಡುವಾಗ ಅನರ್ಥಕ್ಕೆ ಕಾರಣವಾಯಿತು. ಅವನು ಬಿದ್ದ ಬೆಟ್ಟದ ಮೇಲೆ 1935ರಲ್ಲಿ ಕಟ್ಟಿದ ದುಂಡುಗೋಪುರವಿದೆ. ಅವನ ಪ್ರಾಮಾಣಿಕತೆಗೆ ಅದು ಸಲ್ಲಬೇಕಾದದ್ದೇ. ಆದರೆ ಅಂದು ನಿಲ್ಲಿಸೋಣವೆಂದು ಕೈಯೆತ್ತಿದ ಐವರಿಗೂ ಧೈರ್ಯ ಕಡಿಮೆಯಿರಲಿಲ್ಲ.