ಎರಡು ಪೆನ್ನಿಯ ಬೆಳಗಿನ ರೈಲು

ಬಡವರಿಗೆ ಬಸ್ಸು, ರೈಲಿನ ದರದಲ್ಲಿ ರಿಯಾಯಿತಿ ಕೊಟ್ಟಾಗಲೆಲ್ಲ ಅದನ್ನು ಸರ್ಕಾರದ ಔದಾರ್ಯ ಎಂದು ಕೆಲವರು ಹೊಗಳುತ್ತಾರೆ, ಓಟಿನ ಆಮಿಷ ಎಂದು ಕೆಲವರು ಜರೆಯುತ್ತಾರೆ. ಕೊಡುವವರು ದಾನ ಮಾಡುತ್ತಿದ್ದಾರೆ, ಪಡೆಯುವವರು ಪುಕ್ಕಟೆ ಅನುಭವಿಸುತ್ತಿದ್ದಾರೆ ಎಂಬ ನಂಬಿಕೆ ಮಾತ್ರ ಇಬ್ಬರಲ್ಲೂ ಒಂದೇ. ಈ ಪದ್ಧತಿ ಕಾನೂನಿನ ರೂಪ ಪಡೆದ ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಇತಿಹಾಸ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಬಡವರ ಮನೆಗಳನ್ನು ಕೆಡವಿ ಹಳಿ ಹಾಕಿದ ಕಂಪನಿಗಳು ತೀರಿಸಬೇಕಾಗಿ ಬಂದ ಬಾಕಿಯೇ ಅಲ್ಲಿನ ಅಗ್ಗದ ಟಿಕೆಟ್ಟು. ಆ ಬಾಕಿಯೂ ಪೂರ್ತಿ ಸಂದಾಯವಾಗಲಿಲ್ಲ, ಒಂದು ಪಾಲನ್ನು ಕೆಲಸಗಾರರ ನಿದ್ದೆಯಿಂದಲೇ ವಸೂಲು ಮಾಡಲಾಯಿತು ಎಂಬುದು ನನ್ನ ವಾದ.

ಶುರುವಿನ ದಿನಗಳಲ್ಲಿ ರೈಲು ಕಂಪನಿಗಳಿಗೆ ಬಡ ಪ್ರಯಾಣಿಕರು ಬೇಕಾಗಿಯೇ ಇರಲಿಲ್ಲ. ಮೂರನೇ ದರ್ಜೆ ಎಂದರೆ ಹಲವು ಕಡೆ ಸೂರಿಲ್ಲದ ತೆರೆದ ಗಾಡಿ, ಅದನ್ನೂ ಸರಕಿನ ರೈಲಿಗೆ ತಗುಲಿಸುತ್ತಿದ್ದರು. 1841ರ ಡಿಸೆಂಬರ್ 24ರಂದು ರೆಡಿಂಗ್ ಊರಿನ ಹತ್ತಿರ ಸಾನಿಂಗ್ ಎಂಬಲ್ಲಿ ಹಳಿಯ ಮೇಲೆ ಗುಡ್ಡದ ಮಣ್ಣು ಕುಸಿದು ಇಂಥದೊಂದು ರೈಲು ಅಪಘಾತಕ್ಕೀಡಾಯಿತು. ಸತ್ತವರು ತೆರೆದ ಗಾಡಿಗಳಲ್ಲಿದ್ದವರು. ಲಂಡನ್ನಿನಲ್ಲಿ ಹೊಸ ಪಾರ್ಲಿಮೆಂಟ್ ಭವನ ಕಟ್ಟುತ್ತಿದ್ದ ಎಷ್ಟೋ ಕೆಲಸಗಾರರು ಕ್ರಿಸ್ಮಸ್ಸಿಗೆಂದು ಊರಿಗೆ ಹೊರಟಿದ್ದು ಅದೇ ರೈಲಿನಲ್ಲಿ. ಇದಾದ ಮೇಲೆ ವಿಚಾರಣೆ ನಡೆದು, ವಿಲಿಯಂ ಗ್ಲ್ಯಾಡ್‌ಸ್ಟನ್ ವಾಣಿಜ್ಯ ಮಂಡಳಿಯ ಮುಖ್ಯಸ್ಥನಾಗಿದ್ದಾಗ ರೂಪಿಸಿದ 1844ರ ಕಾಯಿದೆ ಬಂತು. ಹೊಸ ಮಾರ್ಗಗಳಲ್ಲಿ ದಿನಕ್ಕೆ ಒಂದಾದರೂ ರೈಲು ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು, ಕೂರಲು ಆಸನವಿರಬೇಕು, ಮಳೆ ಗಾಳಿಗೆ ಮರೆಯಿರಬೇಕು, ನಿಲುಗಡೆ ಸೇರಿ ಗಂಟೆಗೆ 12 ಮೈಲಿಗಿಂತ ನಿಧಾನವಾಗಬಾರದು, ದರ ಮೈಲಿಗೆ ಒಂದು ಪೆನ್ನಿ ಮೀರಬಾರದು. ಪ್ರತಿಯಾಗಿ ಆ ರೈಲುಗಳಿಗೆ ಪ್ರಯಾಣಿಕ ತೆರಿಗೆಯಿಂದ ವಿನಾಯಿತಿ. ಹಲವು ಕಂಪನಿಗಳು ಕಾಯಿದೆಯ ಅಕ್ಷರವನ್ನಷ್ಟೇ ಪಾಲಿಸಿದವು. ಯಾರಿಗೂ ಅನುಕೂಲವಾಗದ ಹೊತ್ತಿನಲ್ಲಿ ಆ ಒಂದು ರೈಲು ಓಡಿಸಿ ಕೈತೊಳೆದುಕೊಂಡವು.

ನಗರದೊಳಗಿನ ಕಥೆ ಇದಕ್ಕಿಂತ ಕಠೋರ. ಲಂಡನ್ನಿನ ನಡುಮಧ್ಯಕ್ಕೆ ಹಳಿ ತರಬೇಕಾದರೆ ಜಾಗ ಬೇಕು. ಅಗ್ಗವಾಗಿ ಸಿಗುವ ಜಾಗ ಬಡವರ ಕೇರಿ, ಏಕೆಂದರೆ ಅಲ್ಲಿ ವಾಸಿಸುವವರು ವಾರದ ಬಾಡಿಗೆಯವರು. ಪರಿಹಾರವೇನಿದ್ದರೂ ಮನೆಯೊಡೆಯನಿಗೆ, ಬಾಡಿಗೆಯವನಿಗೆ ಜಾಗ ಖಾಲಿ ಮಾಡಲು ಒಂದು ಸೂಚನೆಯಷ್ಟೆ. 1853ರಿಂದ ಪಾರ್ಲಿಮೆಂಟಿನ ಮೇಲ್ಮನೆ, ಎಷ್ಟು ದುಡಿಯುವ ಕುಟುಂಬಗಳ ಮನೆ ಹೋಗುತ್ತದೆ ಎಂಬ ಲೆಕ್ಕ ಕೊಡಿ ಎಂದು ಕಂಪನಿಗಳನ್ನು ಕೇಳತೊಡಗಿತು. ಕಂಪನಿಗಳೇ ಒಪ್ಪಿಸಿದ ಆ ಲೆಕ್ಕಗಳನ್ನು ಕೂಡಿಸಿದ ಇತಿಹಾಸಕಾರ ಎಚ್. ಜೆ. ಡಯಾಸ್, 1901ರ ಹೊತ್ತಿಗೆ ಲಂಡನ್ನಿನಲ್ಲಿ ನೆಲೆ ಕಳೆದುಕೊಂಡವರು ಕನಿಷ್ಠ 76 ಸಾವಿರ ಎಂದು ತೋರಿಸಿದ್ದಾರೆ. ಸಂಖ್ಯೆ ಕಡಿಮೆ ತೋರಿಸಿದರೆ ಕಂಪನಿಗೇ ಲಾಭವಿದ್ದುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಹೆಚ್ಚೇ ಇದ್ದೀತು. ಗ್ರೇಟ್ ಈಸ್ಟರ್ನ್ ಕಂಪನಿ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ ಅನುಮತಿ ಕೇಳಿದಾಗ 1864ರ ಕಾಯಿದೆಯಲ್ಲಿ ಷರತ್ತು ಬಿತ್ತು: ಎಡ್ಮಂಟನ್, ವಾಲ್ತಮ್‌ಸ್ಟೋ ಕಡೆಯಿಂದ ಬೆಳಗ್ಗೆ ಬಂದು ಸಂಜೆ ಹೋಗುವ ಕೆಲಸಗಾರರಿಗೆ ಹೋಗಿಬರುವ ದರ ಎರಡು ಪೆನ್ನಿ. ನಿಲ್ದಾಣ 1874ರಲ್ಲಿ ತೆರೆಯಿತು. ಮುಂದೆ ಹತ್ತು ಮೈಲಿಗೂ ಆಚೆಯ ಎನ್‌ಫೀಲ್ಡ್‌ನಿಂದಲೂ ಅದೇ ಎರಡು ಪೆನ್ನಿಗೆ ಹೋಗಿಬರಬಹುದಾಯಿತು. ಮೈಲಿಗೊಂದು ಪೆನ್ನಿಯ ಲೆಕ್ಕ ಹಿಡಿದರೆ ಇಪ್ಪತ್ತು ಪೆನ್ನಿಯಾದರೂ ಆಗುವ ದೂರವದು.

ಈ ಟಿಕೆಟ್ಟಿಗೆ ಯಾರ ಆದಾಯ ಪತ್ರವೂ ಬೇಕಿರಲಿಲ್ಲ. ಬಡವರನ್ನು ಗುರುತಿಸುವ ಕೆಲಸವನ್ನು ಗಡಿಯಾರಕ್ಕೆ ಬಿಟ್ಟಿದ್ದರು. ಎರಡು ಪೆನ್ನಿಯ ರೈಲುಗಳು ಬೆಳಗಿನ ಏಳರೊಳಗೆ ನಗರ ಮುಟ್ಟುತ್ತಿದ್ದವು, ತಡವಾಗಿ ಎದ್ದವರು ಹೆಚ್ಚು ಕೊಡಬೇಕು. ಮೇಲ್ನೋಟಕ್ಕೆ ಸೊಗಸಾದ ಉಪಾಯ, ಯಾರೂ ತಮ್ಮ ಬಡತನವನ್ನು ಕಿಟಕಿಯ ಮುಂದೆ ಸಾಬೀತು ಮಾಡಬೇಕಾಗಿಲ್ಲ. ಆದರೆ ಕಟ್ಟಡ ಕೆಲಸದವನಿಗೆ ಹೊಂದುವ ಹೊತ್ತು ಹೊಲಿಗೆಯ ಹುಡುಗಿಗೆ ಹೊಂದುತ್ತಿರಲಿಲ್ಲ. ಅವಳ ಕೆಲಸದ ಕೋಣೆ ತೆರೆಯುವುದು ಎಂಟಕ್ಕೋ ಎಂಟೂವರೆಗೋ. ಅಲ್ಲಿಯವರೆಗೆ ಚಳಿಗಾಲದ ಕತ್ತಲೆಯಲ್ಲಿ ಬೀದಿಯೇ ಗತಿ. 1890ರಲ್ಲಿ ಲಂಡನ್ ವಾಲ್ ಬೀದಿಯ ಆಲ್ ಹ್ಯಾಲೋಸ್ ಚರ್ಚಿಗೆ ಬಂದ ಪಾದ್ರಿ ಸ್ಯಾಮ್ಯುಯೆಲ್ ಜಾನ್ ಸ್ಟೋನ್ ಇದನ್ನು ಕಂಡು, ಮುಂಜಾನೆಯೇ ಚರ್ಚಿನ ಬಾಗಿಲು ತೆಗೆಸತೊಡಗಿದ. ಅಗ್ಗದ ರೈಲಿನಲ್ಲಿ ಬಂದವರು ಒಂದಿಷ್ಟು ಪ್ರಾರ್ಥನೆಯ ಜೊತೆಗೆ ಕೆಲಸದ ಹೊತ್ತಾಗುವ ತನಕ ಬೆಚ್ಚಗೆ ಕೂರಬಹುದಿತ್ತು. ದರದಲ್ಲಿ ಉಳಿದ ಪೆನ್ನಿಗಳಿಗೆ ತೆತ್ತ ಬೆಲೆ ಏನೆಂದು ಆ ಚರ್ಚಿನ ಬೆಂಚುಗಳೇ ಹೇಳುತ್ತವೆ. ಯಾವ ಕಂಪನಿಯ ಜಮಾಖರ್ಚಿನಲ್ಲೂ ಅದು ಸಿಗುವುದಿಲ್ಲ.

ನಷ್ಟದ ಮಾತನ್ನು ಕಂಪನಿಗಳು ಎತ್ತದೆ ಇರಲಿಲ್ಲ. ಗ್ರೇಟ್ ಈಸ್ಟರ್ನ್‌ನ ಜನರಲ್ ಮ್ಯಾನೇಜರ್ ವಿಲಿಯಂ ಬರ್ಟ್, 1884ರಲ್ಲಿ ದುಡಿಯುವ ವರ್ಗದ ವಸತಿ ಕುರಿತು ನೇಮಕವಾದ ರಾಜ ಆಯೋಗದ ಮುಂದೆ, ಅಗ್ಗದ ರೈಲು ಹೋದ ಕಡೆಯೆಲ್ಲ ಒಳ್ಳೆಯ ಮನೆಯವರು ಊರು ಬಿಡುತ್ತಾರೆ, ಹೆಚ್ಚು ದರ ಕೊಡುವ ಗಿರಾಕಿಗಳು ಕೈತಪ್ಪುತ್ತಾರೆ ಎಂದ. ದೂರಿನಲ್ಲಿ ಸತ್ಯಾಂಶವಿದೆ. 1861ರಲ್ಲಿ ಏಳು ಸಾವಿರದಷ್ಟಿದ್ದ ವಾಲ್ತಮ್‌ಸ್ಟೋ ಜನಸಂಖ್ಯೆ 1901ಕ್ಕೆ 95 ಸಾವಿರ ದಾಟಿತು. ಊರಿನ ಚಹರೆಯೇ ಬದಲಾಯಿತು. ಆದರೆ ಆ ಹೊಸ ಜನವೆಲ್ಲ ರೈಲಿನ ಗಿರಾಕಿಗಳೇ ತಾನೆ? ಮಿಡ್‌ಲ್ಯಾಂಡ್ ಕಂಪನಿ 1872ರಲ್ಲಿ, ಯಾವ ಕಾಯಿದೆಯ ಒತ್ತಾಯವೂ ಇಲ್ಲದೆ, ತನ್ನ ಎಲ್ಲ ರೈಲುಗಳಿಗೂ ಮೂರನೇ ದರ್ಜೆಯವರನ್ನು ಹತ್ತಿಸಿಕೊಂಡಿತು, 1875ರಲ್ಲಿ ಎರಡನೇ ದರ್ಜೆಯನ್ನೇ ತೆಗೆದುಹಾಕಿತು. ಬಡವರ ಪೆನ್ನಿಗಳ ಮೇಲೆ ರೈಲು ಓಡಿಸಬಹುದು ಎಂದು ವ್ಯಾಪಾರಿಗಳೇ ಒಪ್ಪಿಕೊಂಡಂತಾಯಿತು. 1883ರ ಅಗ್ಗದ ರೈಲುಗಳ ಕಾಯಿದೆ ಪೆನ್ನಿ ದರದ ಮೇಲಿನ ತೆರಿಗೆಯನ್ನು ಪೂರ್ತಿ ರದ್ದು ಮಾಡಿತು. ಬೇಕಾದ ಕಡೆ ಕೆಲಸಗಾರರ ರೈಲು ಓಡಿಸುವಂತೆ ಆಜ್ಞಾಪಿಸುವ ಅಧಿಕಾರವನ್ನೂ ವಾಣಿಜ್ಯ ಮಂಡಳಿಗೆ ಕೊಟ್ಟಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಈ ರೈಲುಗಳು ಕಡುಬಡವರಿಗೆ ಮುಟ್ಟಲೇ ಇಲ್ಲ. ಇದನ್ನು ಒಪ್ಪಲೇಬೇಕು. ಹಡಗುಕಟ್ಟೆಯ ದಿನಗೂಲಿಯವನು ಮುಂಜಾನೆ ಗೇಟಿನ ಮುಂದೆ ನಿಂತು ಕರೆಗೆ ಕಾಯಬೇಕು. ಕೆಲಸ ಸಿಗುವುದೋ ಇಲ್ಲವೋ ಗೊತ್ತಿಲ್ಲದವನು ಎರಡು ಪೆನ್ನಿಯನ್ನಾದರೂ ಹೇಗೆ ಮುಂಗಡ ಕೊಟ್ಟಾನು? ಅಂಥವರು ಮನೆ ಕೆಡವಿದಾಗ ಪಕ್ಕದ ಕೇರಿಗೇ ನುಗ್ಗಿದರು, ಒಂದೇ ಕೋಣೆಯಲ್ಲಿ ಇನ್ನಷ್ಟು ಮಂದಿ ತುಂಬಿಕೊಂಡರು. ಉಪನಗರಕ್ಕೆ ಹೋದವರು ಕಾಯಂ ಕೆಲಸದ ಕುಶಲಕರ್ಮಿಗಳು, ಆಮೇಲಾಮೇಲೆ ಗುಮಾಸ್ತರು. ಇದರಿಂದ ಅಗ್ಗದ ದರ ವ್ಯರ್ಥ ಎಂದು ತೀರ್ಮಾನಿಸುವುದು ತಪ್ಪು. ಬಾಕಿ ತೀರಿಸಿದ್ದು ಸಾಲದು ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಲಂಡನ್ ಕೌಂಟಿ ಕೌನ್ಸಿಲ್ ಇದನ್ನು ಅರಿತಿತ್ತು. 1903ರಲ್ಲಿ ಟೂಟಿಂಗ್‌ವರೆಗೆ ವಿದ್ಯುತ್ ಟ್ರಾಮ್ ಹಾಕಿದಾಗ ಕೆಲಸಗಾರರ ದರದ ಜೊತೆಗೆ ಅಲ್ಲೇ ಮನೆಗಳನ್ನೂ ಕಟ್ಟಿಸಿತು.

ಗುಮಾಸ್ತರು ಕೆಲಸಗಾರರ ಟಿಕೆಟ್ಟಿನಲ್ಲಿ ಬರುತ್ತಾರೆ ಎಂಬ ಅಂದಿನ ತಕರಾರು ನಮ್ಮಲ್ಲೂ ಹೊಸ ರೂಪದಲ್ಲಿ ಕೇಳಿಸುತ್ತದೆ. 2009ರಲ್ಲಿ ಭಾರತೀಯ ರೈಲ್ವೆ ತಿಂಗಳಿಗೆ 1,500 ರೂಪಾಯಿಯೊಳಗೆ ದುಡಿಯುವ ಅಸಂಘಟಿತ ಕೆಲಸಗಾರರಿಗೆ 25 ರೂಪಾಯಿಯ ‘ಇಜ್ಜತ್’ ಪಾಸ್ ತಂದಾಗ ಆದಾಯದ ಪ್ರಮಾಣಪತ್ರ ಕೇಳಿತು. ದಿನಗೂಲಿ ಬಿಟ್ಟು ಕಚೇರಿಗೆ ಅಲೆಯುವ ಆ ಹೊತ್ತೂ ಒಂದು ಬೆಲೆಯೇ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಬೇರೆ ದಾರಿ ಹಿಡಿಯಿತು. ರಾಜ್ಯದ ಮಹಿಳೆಯಾಗಿದ್ದರೆ ಸಾಕು, ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಉಳ್ಳವರೂ ಹತ್ತುತ್ತಾರೆ ಎಂಬುದು ನಿಜ. ಆದರೆ ಉಳ್ಳವರನ್ನು ತಡೆಯಲು ಹಾಕುವ ಪ್ರತಿಯೊಂದು ಬೇಲಿಯಲ್ಲೂ ಮೊದಲು ಸಿಕ್ಕಿಕೊಳ್ಳುವವರು ಇಲ್ಲದವರೇ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು ತನಗೆ ಬೇಕಾದ ಹೊತ್ತಿನ ಬಸ್ಸನ್ನು, ಯಾವ ಕಚೇರಿಯ ಸಹಿಯೂ ಇಲ್ಲದೆ, ಹತ್ತಬಹುದು. ವಾಲ್ತಮ್‌ಸ್ಟೋದ ಹೊಲಿಗೆಯ ಹುಡುಗಿಗೆ ಈ ಆಯ್ಕೆ ಇರಲಿಲ್ಲ.