ಸರ್ರಾ ರೋಗದ ಶೋಧ: ಮರೆತುಹೋದ ಒಂದು ಅಧ್ಯಾಯ

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಉದರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ ಸಂಗತಿ ಸುವಿದಿತವಾಗಿದೆ. ಅದಕ್ಕೆ 17 ವರ್ಷ ಮುಂಚೆಯೇ ನಮ್ಮ ಉಪಖಂಡದಲ್ಲಿ ಅಷ್ಟೇ ಮಹತ್ತ್ವದ ಇನ್ನೊಂದು ಶೋಧ ನಡೆಯಿತು. ಅದು ಪಶುಗಳ ರೋಗಕ್ಕೆ ಸಂಬಂಧಿಸಿದುದರಿಂದಲೋ ಏನೋ, ವಿದ್ವಾಂಸರ ಸ್ಮರಣೆಯಿಂದ ಬಹುಮಟ್ಟಿಗೆ ಜಾರಿಹೋಗಿದೆ.

ಈಗ ಪಾಕಿಸ್ತಾನಕ್ಕೆ ಸೇರಿರುವ ಡೇರಾ ಇಸ್ಮಾಯಿಲ್ ಖಾನ್ ಪ್ರಾಂತದಲ್ಲಿ ಕುದುರೆ, ಒಂಟೆಗಳನ್ನು ಒಂದು ವ್ಯಾಧಿ ಕಾಡುತ್ತಿತ್ತು. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲುಗಳ ಬಾವು, ದಿನೇ ದಿನೇ ಕೃಶವಾಗುವ ದೇಹ, ಕೊನೆಗೆ ಮರಣ: ಇವು ಅದರ ಲಕ್ಷಣಗಳು. ಜನರು ಇದನ್ನು ‘ಸರ್ರಾ’ ಎನ್ನುತ್ತಿದ್ದರು. ಒಂಟೆಗಳಲ್ಲಿ ಮೂರು ವರ್ಷಗಳವರೆಗೂ ಎಳೆಯುತ್ತಿದ್ದುದರಿಂದ ‘ತಿಬರ್ಸಾ’ ಎಂಬ ಹೆಸರೂ ಉಂಟು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯರು ರೋಗಗ್ರಸ್ತ ಪಶುಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಚುರುಕಾಗಿ ಚಲಿಸುವ ಜೀವಿಗಳನ್ನು ಕಂಡರು. ಆ ರಕ್ತವನ್ನು ಆರೋಗ್ಯವುಳ್ಳ ಪಶುಗಳ ಶರೀರಕ್ಕೆ ಸೇರಿಸಿದಾಗ ಅವುಗಳಿಗೂ ರೋಗ ತಗಲಿತು. ಈ ಜೀವಿಗಳೇ ರೋಗಕ್ಕೆ ಕಾರಣವೆಂದು ಅವರು ನಿರ್ಣಯಿಸಿದರು.

ಆದರೆ ಅಧಿಕಾರಸ್ಥ ವಿಜ್ಞಾನಿಗಳು ಇದನ್ನೊಪ್ಪಲಿಲ್ಲ. ಇದಕ್ಕೆ ಅಸೂಯೆಯನ್ನು ಕಾರಣವಾಗಿ ಊಹಿಸಬೇಕಾಗಿಲ್ಲ. ಕಲಕತ್ತೆಯಲ್ಲಿ ಟಿಮೊಥಿ ಲೂಯಿಸ್ ಅವರು ಇಂತಹವೇ ಜೀವಿಗಳನ್ನು ಇಲಿಗಳ ರಕ್ತದಲ್ಲಿ ಕಂಡು 1878ರಲ್ಲಿ ಪ್ರಕಟಿಸಿದ್ದರು. ಆ ಇಲಿಗಳು ಸುಖವಾಗಿಯೇ ಇದ್ದುವು. ಇಲಿಗೆ ಕೆಡುಕು ಮಾಡದುದು ಕುದುರೆಯನ್ನು ಕೊಲ್ಲುವುದೆಂತು ಎಂಬುದು ಅವರ ತರ್ಕ. ತರ್ಕ ನೇರವಾಗಿಯೇ ಇತ್ತು. ಒಂದು ಪ್ರಾಣಿಯ ಅನುಭವವನ್ನು ಇನ್ನೊಂದಕ್ಕೆ ಆರೋಪಿಸಿದುದೇ ದೋಷ.

1885ರಲ್ಲಿ ಜೆ. ಎಚ್. ಸ್ಟೀಲ್ ಅವರು ಬರ್ಮಾದ ಹೇಸರಗತ್ತೆಗಳಲ್ಲಿ ಇದೇ ಜೀವಿಯನ್ನು ಕಂಡರು. ಅದರ ವರ್ಗವನ್ನು ತಪ್ಪಾಗಿ ಗ್ರಹಿಸಿದರೂ ಅದಕ್ಕೆ ಇವಾನ್ಸರ ಹೆಸರನ್ನೇ ಇಟ್ಟರು. ಮುಂಬಯಿಯ ಪರಳಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನ ಮೊದಲ ಪ್ರಾಂಶುಪಾಲರು ಇವರೇ ಎಂಬುದು ಈ ನಗರದ ಕನ್ನಡಿಗರಿಗೆ ಕುತೂಹಲದ ವಿಷಯ. ಮುಂದೆ ಆ ಜೀವಿ ಟ್ರಿಪನೊಸೋಮಾ ಇವಾನ್ಸಿ ಎಂದು ಹೆಸರಾಯಿತು. ರಕ್ತ ಹೀರುವ ಕುದುರೆ ನೊಣಗಳು ಅದನ್ನು ಒಂದು ಪಶುವಿನಿಂದ ಇನ್ನೊಂದಕ್ಕೆ ಸಾಗಿಸುತ್ತವೆಂದು 1901ರಲ್ಲಿ ಲಿಯೊನಾರ್ಡ್ ರೋಜರ್ಸ್ ಅವರು ತೋರಿಸಿಕೊಟ್ಟರು. ನೊಣದ ದೇಹದಲ್ಲಿ ಜೀವಿ ಬೆಳೆಯುವುದಿಲ್ಲ; ನೊಣವು ರಕ್ತಸಿಕ್ತ ಸೂಜಿಯಂತೆ ಕೆಲಸ ಮಾಡುತ್ತದೆ, ಅಷ್ಟೆ.

ಪ್ರಾಣಿಯಿಂದ ಪ್ರಾಣಿಗೆ ಇರುವ ಈ ಭೇದ ಕಾಡಿಗೂ ಅನ್ವಯಿಸುತ್ತದೆ. ಆಫ್ರಿಕದ ಜೂಲೂ ನಾಡಿನಲ್ಲಿ ಡೇವಿಡ್ ಬ್ರೂಸ್ ಅವರು 1890ರ ದಶಕದಲ್ಲಿ ಸಾಕುದನಗಳ ನಾಗನ ರೋಗವನ್ನು ಶೋಧಿಸಿ, ಅದರ ಜೀವಿ ಕಾಡುಜಿಂಕೆಗಳ ರಕ್ತದಲ್ಲಿ ಅವುಗಳಿಗೆ ಬಾಧೆಯಿಲ್ಲದೆ ನೆಲಸಿರುವುದನ್ನು ಕಂಡರು. ನಮ್ಮಲ್ಲಿ ಎಮ್ಮೆ ದನಗಳು ಸರ್ರಾದ ಜೀವಿಯನ್ನು ಹೊತ್ತೂ ಅನೇಕ ವೇಳೆ ಹೊರನೋಟಕ್ಕೆ ಆರೋಗ್ಯವಾಗಿರುತ್ತವೆ. ಹುಲಿಗಾದರೋ ಅದು ಮೃತ್ಯು. 2000ದ ಜುಲೈ ತಿಂಗಳಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಈ ಸೋಂಕಿನಿಂದ ಅಸುನೀಗಿದುವು.

ಮನುಷ್ಯನಿಗೆ ಮಾತ್ರ ಇದರ ಭಯವಿಲ್ಲವೆಂಬ ನಂಬಿಕೆ ಬಹುಕಾಲ ಉಳಿದಿತ್ತು. 2004ರಲ್ಲಿ ಮಹಾರಾಷ್ಟ್ರದ ಒಬ್ಬ ರೈತನ ರಕ್ತದಲ್ಲಿ ಇವಾನ್ಸರ ಜೀವಿ ಕಾಣಿಸಿಕೊಂಡಿತು. ಈ ಪರೋಪಜೀವಿಗಳನ್ನು ನಾಶಮಾಡುವ ಒಂದು ಪ್ರೋಟೀನು ಮನುಷ್ಯರ ರಕ್ತದಲ್ಲಿ ಸಾಮಾನ್ಯವಾಗಿ ಇರುತ್ತದೆ; ಆತನಲ್ಲಿ ಅದು ಇರಲಿಲ್ಲ. ಔಷಧದಿಂದ ಆತ ಗುಣಹೊಂದಿದನು. ಇಲಿಯನ್ನು ನೋಡಿ ಕುದುರೆಯನ್ನು ನಿರ್ಣಯಿಸಿದ ಹಿಂದಿನವರ ತರ್ಕವನ್ನು ತಿದ್ದಿಕೊಂಡ ಶಾಸ್ತ್ರವು, ಬಹುಜನರನ್ನು ನೋಡಿ ಎಲ್ಲರನ್ನೂ ನಿರ್ಣಯಿಸಲಾಗದೆಂದು ಈ ರೈತನಿಂದ ಕಲಿಯಬೇಕಾಯಿತು.

ಇವಾನ್ಸರು ತಮ್ಮ ಮಾತು ಸ್ಥಿರಪಟ್ಟುದನ್ನು ಕಣ್ಣಾರೆ ಕಂಡು, ನೂರು ವರ್ಷ ತುಂಬಿಸಿ 1935ರಲ್ಲಿ ತೀರಿಕೊಂಡರು. ಎಲ್ಲ ಶೋಧಕರಿಗೂ ಅಷ್ಟು ದೀರ್ಘಾಯುಸ್ಸು ದೊರೆಯದು. ಆದಕಾರಣ, ದೂರದ ಠಾಣ್ಯದಿಂದ ಬಂದ ವರದಿಯನ್ನು ಬದಿಗಿಡುವ ಮುನ್ನ ಇನ್ನೊಮ್ಮೆ ಪರಾಂಬರಿಸುವುದು ವಿದ್ಯಾವಂತರ ಕರ್ತವ್ಯವಾಗಿದೆ.