ಸಾಂಗ್ಲಿಯ ಅರೆನಿದ್ದೆಯ ರಾತ್ರಿಗಳು

1842ರಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ಆಟವಾಡಿತು. ಮೆಚ್ಚಿದ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನ್, ಮರಾಠಿಯಲ್ಲೂ ಅಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಭಾವೆಯವರ ಮರಾಠಿ ನಾಟಕ ‘ಸೀತಾ ಸ್ವಯಂವರ’ ರಂಗಕ್ಕೇರಿತು.

ಭಾಗವತ ಮೇಳಗಳ ಇಂಥ ಬಯಲಾಟವೆಂದರೆ ಬೆಳಗಿನವರೆಗೆ. ಪ್ರೇಕ್ಷಕರೆಲ್ಲ ಪೂರ್ತಿ ಎಚ್ಚರವಿರುತ್ತಾರೆಂದು ಯಾವ ಭಾಗವತನೂ ನಂಬಿರಲಾರ! ಪದ ಕೇಳುತ್ತ ಚಾಪೆಯ ಮೇಲೆ ತೂಕಡಿಸುವುದು, ರಕ್ಕಸನ ಪ್ರವೇಶದ ಚೆಂಡೆಗೆ ಥಟ್ಟನೆ ಏಳುವುದು ವಾಡಿಕೆ. ನಿದ್ದೆಯ ಮೊದಲ ಹಂತವೇ ಹಾಗೆ: ಕೆಲವೇ ನಿಮಿಷದ್ದು, ತೀರ ಹಗುರವಾದದ್ದು. ಆಗ ಎಬ್ಬಿಸಿದರೆ ‘ನಾನೆಲ್ಲಿ ಮಲಗಿದ್ದೆ?’ ಎಂದು ವಾದಿಸುವವರು ಬಹಳ.

ಹೀಗೆ ತೂಕಡಿಸುತ್ತಲೇ ಕೇಳಲು ಸಾಂಗ್ಲಿಯ ಪಕ್ಕದಲ್ಲೇ ಇನ್ನೊಂದು ತಾಣವಿದೆ: ಮಿರಜದಲ್ಲಿ, 1937ರಲ್ಲಿ ತೀರಿಕೊಂಡ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರ ನೆನಪಿಗೆ ಮೀರಾ ಸಾಹೇಬ್ ದರ್ಗಾದಲ್ಲಿ ಉರುಸಿನ ವೇಳೆ ಸಂಗೀತೋತ್ಸವ ನಡೆಯುತ್ತದೆ. ನಿದ್ದೆಗಣ್ಣಲ್ಲಾದರೂ ಸರಿ, ಒಮ್ಮೆ ಕೂತು ಕೇಳಿ.